ಗೇರು ಒದೆಯುತ್ತದೆ, ದೋಷ ಬಾಗಿಲಲ್ಲಿದೆ

“ಗೇರ್ ಬದಲಾಗೂ ಮುಂದ ಗಾಡಿ ಒದೀತೈತ್ರಿ ಮಿಸ್ತ್ರೀ. ಮ್ಯಾಲ ಚಾವಿ ತಗದ್ರೂ ಎಂಜಿನ್ ಬಂದ್ ಆಗವಲ್ದು.”

ಹಳೆಯ ಮರ್ಸಿಡಿಸ್ ಬೆಂಜ್ ಡೀಸೆಲ್ ಕಾರು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಗ್ಯಾರೇಜಿನಲ್ಲಿ ನಿಂತು ಹೇಳುವ ಮಾತು ಇದು. ಖಾನಾಪುರ ತಾಲೂಕಿನ ಬೀಡಿಯ ಒಂದು ಮನೆಯಲ್ಲಿ ಅಂಥ ಕಾರೊಂದು ಇದೆಯೆಂದು ಕಲ್ಪಿಸಿಕೊಳ್ಳಿ. ತಂದೆ ಉಳಿಸಿ ಹೋದ ಗಾಡಿ, ಮಾರಲು ಮನಸ್ಸಿಲ್ಲ. ಈ ವರ್ಷ ಮಗಳನ್ನು ಕಾಲೇಜಿಗೆ ಸೇರಿಸಬೇಕು, ಆದ್ದರಿಂದ ಕೈಯಲ್ಲಿರುವ ದುಡ್ಡು ಎಣಿಕೆಯದು. ಎರಡು ದೂರುಗಳಿಗೆ ಸಾಮಾನ್ಯವಾಗಿ ಎರಡು ಉತ್ತರ ಸಿದ್ಧವಾಗಿರುತ್ತವೆ. ಗೇರು ಒದೆಯುವುದಕ್ಕೆ “ಗೇರ್ ಬಾಕ್ಸ್ ಇಳಸಬೇಕಾಗ್ತದರೀ ಕಾಕಾ”. ಎಂಜಿನ್ ನಿಲ್ಲದ್ದಕ್ಕೆ “ಡೀಸೆಲ್ ಪಂಪ್ ಬಿಚ್ಚಬೇಕ್ರಿ”. ಎರಡೂ ದೊಡ್ಡ ಖರ್ಚಿನ ಬಾಬ್ತು. ಒಮ್ಮೆ ಬಿಚ್ಚಿದ ಮೇಲೆ ಬಿಡಿಭಾಗ ಊರಲ್ಲಿ ಸಿಗದೆ ದೂರದಿಂದ ತರಿಸಬೇಕಾಗಿ ಬಂದರೆ ಕಾರು ತಿಂಗಳುಗಟ್ಟಲೆ ಕಲ್ಲಿನ ಮೇಲೆ ನಿಂತೇ ಇರುತ್ತದೆ.

ಆದರೆ ಈ ಎರಡು ದೂರುಗಳನ್ನು ಒಟ್ಟಿಗೆ ಕೇಳಿದ ಅನುಭವಸ್ಥ ಮಿಸ್ತ್ರಿ ಪಾನೆಗೆ ಕೈ ಹಾಕುವುದಿಲ್ಲ. ಆತ ಕೇಳುವ ಮೊದಲ ಪ್ರಶ್ನೆಯೇ ವಿಚಿತ್ರ: “ಡ್ರೈವರ್ ಬಾಗಲಾ ಲಾಕ್ ಮಾಡಿದ್ರ ಉಳದ ಬಾಗಲಾ ಎಲ್ಲಾ ಒಮ್ಮೆಲೆ ಲಾಕ್ ಆಗ್ತಾವೇನ್ರಿ?”

ಗೇರಿಗೂ ಬಾಗಿಲಿನ ಬೀಗಕ್ಕೂ ಏನು ಸಂಬಂಧ? ಸಂಬಂಧವಿದೆ. ಅದನ್ನು ತಿಳಿಯಲು ಒಂಬತ್ತು, ಹತ್ತನೆಯ ತರಗತಿಯ ಭೌತಶಾಸ್ತ್ರ ಸಾಕು.

ಈ ಕಾರಿನ ಕಾರ್ಖಾನೆಯ ಹೆಸರು ಡಬ್ಲ್ಯು 123. 1976ರಿಂದ 1986ರವರೆಗೆ ಇಂಥವು ಸುಮಾರು 27 ಲಕ್ಷ ತಯಾರಾದವು. ಜರ್ಮನಿಯಲ್ಲಿ ಇದು ಬಹುಕಾಲ ಟ್ಯಾಕ್ಸಿಯಾಗಿ ದುಡಿಯಿತು. ಭಾರತಕ್ಕೆ ಬಂದವುಗಳಲ್ಲಿ ಕೆಲವು ಗಲ್ಫ್ ದೇಶಗಳಲ್ಲಿ ದುಡಿದು ಮರಳಿದವರು ತಂದವು. ಕೆಲವು ವಿದೇಶಿ ರಾಯಭಾರ ಕಚೇರಿಗಳವರು ಬಿಟ್ಟುಹೋದ ಮೇಲೆ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾದವು. ಗೇರನ್ನು ತಾನೇ ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ವ್ಯವಸ್ಥೆ ಇಂಥ ಕಾರುಗಳಲ್ಲಿ ಅನೇಕಕ್ಕೆ ಇತ್ತು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಕೈಯಿಂದಲೇ ಗೇರು ಹಾಕಬೇಕಾಗಿತ್ತು. ಹೀಗಾಗಿ ಕ್ಲಚ್ ಪ್ಲೇಟು ಕಣ್ಣು ಮುಚ್ಚಿ ಬದಲಿಸುವ ನಿಪುಣರು ಊರೂರಿಗೆ ಇದ್ದರೂ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಒಳಗನ್ನು ಕಂಡವರು ವಿರಳ. ಕಾಣದ ವಸ್ತುವಿನ ಬಗ್ಗೆ ಭಯ ಇರುವುದು ಸಹಜ. ಆ ಭಯವೇ ಅನೇಕ ಸಲ ಯಜಮಾನನ ಜೇಬಿಗೆ ಕತ್ತರಿ ಹಾಕುತ್ತದೆ.

ಶಾಲಾ ಪ್ರವಾಸದಲ್ಲಿ ಧರ್ಮಸ್ಥಳದ ಕಾರು ಸಂಗ್ರಹಾಲಯ ನೋಡಿದ ಮಕ್ಕಳು ಮಿರುಗುವ ಹಳೆಯ ಕಾರುಗಳ ಮುಂದೆ ನಿಂತಿರುತ್ತಾರೆ. ಆ ತಗಡಿನ ಕೆಳಗೆ ಏನಿದೆ ಎಂದು ಕೇಳುವವರು ಕಡಿಮೆ. ಆಟೊಮ್ಯಾಟಿಕ್ ಗೇರ್ ಬಾಕ್ಸಿನೊಳಗೆ ಮುಖ್ಯವಾಗಿ ಮೂರು ಸಂಗತಿಗಳಿವೆ.

ಮೊದಲನೆಯದು ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ, ಬಯಲಿನ ಬದಲು ಮುಚ್ಚಿದ ಕವಚ ಎಂದುಕೊಂಡರೆ ಕನ್ವರ್ಟರ್ ಅರ್ಥವಾದಂತೆ. ಎಂಜಿನ್ ಒಂದು ಚಕ್ರವನ್ನು ತಿರುಗಿಸುತ್ತದೆ, ಎಣ್ಣೆಯ ಹೊಡೆತಕ್ಕೆ ಎದುರಿನ ಚಕ್ರ ತಿರುಗುತ್ತದೆ. ನಡುವಿನ ಮೂರನೆಯ ಚಕ್ರ ಎಣ್ಣೆಯ ದಿಕ್ಕನ್ನು ತಿರುಚಿ ಬಲವನ್ನು ಹೆಚ್ಚಿಸುತ್ತದೆ. ಲೋಹಕ್ಕೆ ಲೋಹ ತಾಗುವುದಿಲ್ಲವಾದ್ದರಿಂದ ಗೇರಿನಲ್ಲಿದ್ದೂ ಕಾರು ನಿಂತಿರಬಲ್ಲದು. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ.

ಎರಡನೆಯದು ಗ್ರಹಚಕ್ರಗಳ ಜೋಡಣೆ. ನಡುವೆ ಒಂದು ಸೂರ್ಯಚಕ್ರ, ಅದರ ಸುತ್ತ ಕೆಲವು ಗ್ರಹಚಕ್ರಗಳು, ಎಲ್ಲವನ್ನೂ ಬಳಸಿ ಒಳಹಲ್ಲುಗಳ ಒಂದು ಬಳೆ. ಬಳೆಯನ್ನು ಅಲುಗದಂತೆ ಹಿಡಿದು ಸೂರ್ಯನನ್ನು ತಿರುಗಿಸಿದರೆ ಗ್ರಹಗಳನ್ನು ಹೊತ್ತ ಚೌಕಟ್ಟು ನಿಧಾನವಾಗಿ ತಿರುಗುತ್ತದೆ. ಸೂರ್ಯನಿಗೆ 30 ಹಲ್ಲು, ಬಳೆಗೆ 60 ಹಲ್ಲು ಇದ್ದರೆ ಸೂರ್ಯ ಮೂರು ಸುತ್ತು ಹಾಕಿದಾಗ ಚೌಕಟ್ಟು ಒಂದು ಸುತ್ತು. ಹಿಡಿಯುವ ಚಕ್ರವನ್ನು ಬದಲಿಸಿದರೆ ಅನುಪಾತ ಬದಲಾಗುತ್ತದೆ. ಅಂದರೆ ಇಲ್ಲಿ ಗೇರು ಬದಲಿಸುವುದೆಂದರೆ ಹಲ್ಲನ್ನು ಸರಿಸುವುದಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು. ಹಿಡಿಯುವ ಕೆಲಸ ಕ್ಲಚ್ಚುಗಳದ್ದು ಮತ್ತು ಚಕ್ರದ ಸುತ್ತ ಬಿಗಿಯುವ ಉಕ್ಕಿನ ಪಟ್ಟಿಗಳದ್ದು.

ಆ ಹಿಡಿತಕ್ಕೆ ಬಲ ಎಲ್ಲಿಂದ? ಇದೇ ಮೂರನೆಯ ಸಂಗತಿ, ಎಣ್ಣೆಯ ಒತ್ತಡ. ಎಂಜಿನ್ನಿನಿಂದ ತಿರುಗುವ ಒಂದು ಪಂಪು ಎಣ್ಣೆಯನ್ನು ಒತ್ತುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಪ್ಯಾಸ್ಕಲ್ ಹೇಳಿದ. ಕ್ಲಚ್ಚನ್ನು ಅದುಮುವ ಕೊರಬಳೆ ಬಳೆಯಾಕಾರದ್ದು, ಹೊರವ್ಯಾಸ 12 ಸೆಂ.ಮೀ., ಒಳವ್ಯಾಸ 6 ಸೆಂ.ಮೀ. ಎಂದಿಟ್ಟುಕೊಂಡರೆ ವಿಸ್ತೀರ್ಣ ಸುಮಾರು 85 ಚ.ಸೆಂ.ಮೀ. ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 6 ಕಿಲೋ ಆದರೆ ಬಲ 510 ಕಿಲೋಗ್ರಾಂ ತೂಕದಷ್ಟು. ಐದು ಕ್ವಿಂಟಲ್ ಜೋಳದ ಚೀಲಗಳನ್ನು ಕ್ಲಚ್ಚಿನ ಮೇಲೆ ಒಟ್ಟಿದಂತೆ! ಒತ್ತಡ ಅರ್ಧಕ್ಕಿಳಿದರೆ ಹಿಡಿತವೂ ಅರ್ಧ. ಆಗ ಕ್ಲಚ್ಚು ಜಾರುತ್ತದೆ, ಜಾರಿದ್ದು ಬಿಸಿಯಾಗುತ್ತದೆ, ಬಿಸಿಯಾದದ್ದು ಸುಡುತ್ತದೆ.

ಎಣ್ಣೆಯನ್ನು ಯಾವ ದಾರಿಗೆ, ಯಾವಾಗ ಬಿಡಬೇಕೆಂದು ತೀರ್ಮಾನಿಸುವುದು ಕವಾಟಗಳ ಪೆಟ್ಟಿಗೆ. ಅದರಲ್ಲಿ ಕೊರೆದ ರಂಧ್ರಗಳೊಳಗೆ ಪೆನ್ಸಿಲ್ಲಿನಂಥ ಉಕ್ಕಿನ ಕಡ್ಡಿಗಳು ಹಿಂದೆ ಮುಂದೆ ಸರಿಯುತ್ತವೆ. ಬೀಡಿಯಿಂದ ಖಾನಾಪುರದ ಮೇಲೆ ಬೆಳಗಾವಿಗೆ ಹೋಗುವವರು ದಾರಿಯಲ್ಲಿ ಮಚ್ಛೆ, ಉದ್ಯಮಬಾಗ ದಾಟುತ್ತಾರಲ್ಲವೆ? ಅಲ್ಲಿನ ಎರಕದ ಕಾರ್ಖಾನೆಗಳನ್ನು ಎಲ್ಲರೂ ಬಲ್ಲರು. ಹೈಡ್ರಾಲಿಕ್ ಪಂಪು, ಕವಾಟಗಳನ್ನು ತಯಾರಿಸುವುದರಲ್ಲೂ ಈ ಭಾಗ ಹೆಸರಾದದ್ದು. ಪಾಲಿಹೈಡ್ರಾನ್ ಕಂಪನಿ ಇಲ್ಲಿಯದೇ. ಯಂತ್ರಗಳ ಹೈಡ್ರಾಲಿಕ್ ಕವಾಟದಲ್ಲಿ ಸರಿಯುವ ಕಡ್ಡಿಗೂ ಗೇರ್ ಬಾಕ್ಸಿನ ಕಡ್ಡಿಗೂ ತತ್ತ್ವ ಒಂದೇ. ಕಡ್ಡಿಗೂ ರಂಧ್ರಕ್ಕೂ ನಡುವಿನ ಎಡೆ ಮಿಲಿಮೀಟರಿನ ನೂರನೆಯ ಕೆಲವು ಭಾಗ ಮಾತ್ರ. ಆದ್ದರಿಂದಲೇ ಗೇರ್ ಎಣ್ಣೆಯ ಕಡ್ಡಿಯನ್ನು ನೂಲು ಬಿಡುವ ಹಳೆಯ ಬನಿಯನ್ ತುಂಡಿನಿಂದ ಒರೆಸಬಾರದು ಎನ್ನುವುದು. ಒಂದು ಎಳೆ ಒಳಗೆ ಹೋದರೂ ಕವಾಟ ಕಚ್ಚಿಕೊಳ್ಳಬಹುದು.

ಈಗ ನಿಜವಾದ ಪ್ರಶ್ನೆಗೆ ಬರಬಹುದು. ಕಣ್ಣಿಲ್ಲದ, ಕಂಪ್ಯೂಟರ್ ಇಲ್ಲದ ಈ ಪೆಟ್ಟಿಗೆಗೆ ರಸ್ತೆಯ ಸುದ್ದಿ ಹೇಗೆ ತಿಳಿಯುತ್ತದೆ? ಅದಕ್ಕೆ ಮೂವರು ವರದಿಗಾರರಿದ್ದಾರೆ. ಹೊರದಂಡಕ್ಕೆ ಕೂರಿಸಿದ ಗವರ್ನರ್ ಎಂಬ ತೂಕ, ಕಾರು ಓಡಿದಷ್ಟೂ ಹೊರಕ್ಕೆ ಎಳೆದುಕೊಂಡು ವೇಗವನ್ನು ತಿಳಿಸುತ್ತದೆ. ಎಕ್ಸಲರೇಟರಿಗೆ ಕಟ್ಟಿದ ತಂತಿ, ಚಾಲಕನ ಪಾದ ಎಷ್ಟು ಒತ್ತಿದೆ ಎಂದು ತಿಳಿಸುತ್ತದೆ. ಇವೆರಡರಿಂದ ಗೇರು ಯಾವಾಗ ಬದಲಾಗಬೇಕೆಂಬುದು ನಿರ್ಧಾರವಾಗುತ್ತದೆ. ಬದಲಾಗುವಾಗ ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದನ್ನು ತಿಳಿಸುವವನು ಮೂರನೆಯವನು. ಅವನೇ ನಿರ್ವಾತ, ಮಿಸ್ತ್ರಿಗಳ ಮಾತಿನಲ್ಲಿ ವ್ಯಾಕ್ಯೂಮ್.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಅಡ್ಡವಾಗಿ ಒಂದು ತಟ್ಟೆ ಇರುತ್ತದೆ. ಅದು ಮುಚ್ಚಿದ್ದಾಗ ಎಂಜಿನ್ ಗಾಳಿಗಾಗಿ ಎಳೆಯುತ್ತದೆ, ಅದರ ಹಿಂದೆ ನಿರ್ವಾತ ತಾನಾಗಿ ಹುಟ್ಟುತ್ತದೆ. ಭಾರ ಹೆಚ್ಚಿ ತಟ್ಟೆ ತೆರೆದಂತೆ ನಿರ್ವಾತ ಕುಗ್ಗುತ್ತದೆ. ಹೀಗೆ ಎಂಜಿನ್ ಎಷ್ಟು ದುಡಿಯುತ್ತಿದೆ ಎಂಬುದಕ್ಕೆ ನಿರ್ವಾತ ಒಂದು ಪುಕ್ಕಟೆ ಅಳತೆಗೋಲು. ಡೀಸೆಲ್ ಎಂಜಿನ್ನಿಗೆ ಆ ತಟ್ಟೆ ಇಲ್ಲ. ಆದ್ದರಿಂದ ಬೆಂಜ್ ತಂತ್ರಜ್ಞರು ಎಂಜಿನ್ನಿಗೆ ಒಂದು ನಿರ್ವಾತ ಪಂಪನ್ನೇ ಜೋಡಿಸಿದರು. ಡೀಸೆಲ್ ಪಂಪಿನ ಪಕ್ಕದ ಒಂದು ಕವಾಟ, ಎಕ್ಸಲರೇಟರ್ ಒತ್ತಿದಂತೆಲ್ಲ ಆ ನಿರ್ವಾತವನ್ನು ಕಡಿಮೆ ಮಾಡಿ ಗೇರ್ ಬಾಕ್ಸಿಗೆ ಕಳಿಸುತ್ತದೆ. ನಿರ್ವಾತ ಹೆಚ್ಚಿದ್ದರೆ ‘ಭಾರ ಕಡಿಮೆ, ಮೆತ್ತಗೆ ಹಿಡಿ’. ನಿರ್ವಾತ ಇಲ್ಲದಿದ್ದರೆ ‘ಪೂರ್ತಿ ಭಾರ, ಗಟ್ಟಿಯಾಗಿ ಹಿಡಿ’.

ಪಂಪು ಹೇಗೂ ಇದೆಯಲ್ಲ ಎಂದು ಅದಕ್ಕೆ ಇನ್ನೂ ಕೆಲಸಗಳನ್ನು ಹೊರಿಸಿದರು. ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರ್ ಅದರಿಂದಲೇ. ಚಾವಿ ತಿರುಗಿಸಿದಾಗ ಡೀಸೆಲ್ ಸರಬರಾಜು ಕಡಿದು ಎಂಜಿನ್ ನಿಲ್ಲಿಸುವುದೂ ಅದೇ ನಿರ್ವಾತ. ಎಲ್ಲ ಬಾಗಿಲುಗಳನ್ನು ಒಟ್ಟಿಗೆ ಹಾಕುವ ಬೀಗ ಇರುವ ಕಾರುಗಳಲ್ಲಿ ಪ್ರತಿ ಬಾಗಿಲಿನೊಳಗೆ ಒಂದು ರಬ್ಬರ್ ಪೊರೆಯ ಡಬ್ಬಿ ಇದ್ದು, ಅದನ್ನು ಎಳೆಯುವುದೂ ನಿರ್ವಾತವೇ. ಒಂದೇ ಬಾವಿಗೆ ನಾಲ್ಕು ಹಗ್ಗ! ನಾಲ್ಕು ದಶಕ ಬಿಸಿಲು ಮಳೆ ಕಂಡ ಬಾಗಿಲೊಂದರ ರಬ್ಬರ್ ಪೊರೆ ಸೀಳಿತೆನ್ನಿ, ಗಾಳಿ ಒಳನುಗ್ಗುತ್ತದೆ. ಗೇರ್ ಬಾಕ್ಸಿಗೆ ನಿರ್ವಾತ ಸಾಲದೆ ಬರುತ್ತದೆ. ಪಾಪ, ಅದಕ್ಕೆ ಬಾಗಿಲಿನ ಸಂಗತಿ ಏನು ಗೊತ್ತು? ಪೂರ್ತಿ ಭಾರ ಬಿದ್ದಿದೆ ಎಂದೇ ನಂಬಿ, ಖಾಲಿ ರಸ್ತೆಯ ಮೇಲೂ ಐದು ಕ್ವಿಂಟಲ್ ಬಲದಿಂದ ಕ್ಲಚ್ಚನ್ನು ತಟ್ಟನೆ ಹಿಡಿಯುತ್ತದೆ. ಕುಳಿತವರಿಗೆ ಅದೇ ಒದೆತ. ಚಾವಿ ತೆಗೆದರೂ ಎಂಜಿನ್ ನಿಲ್ಲದಿರುವುದಕ್ಕೂ ಅದೇ ಕಾರಣ.

ಇನ್ನು ಪರೀಕ್ಷೆಯ ಕ್ರಮ. ಒಳ್ಳೆಯ ವೈದ್ಯ ಹೊಟ್ಟೆ ಕೊಯ್ಯುವ ಮೊದಲು ನಾಡಿ ನೋಡುವಂತೆ ಇಲ್ಲಿಯೂ ಎಣ್ಣೆಯ ಕಡ್ಡಿಯಿಂದಲೇ ಆರಂಭ. ಎಂಜಿನ್ನಿನ ಎಣ್ಣೆಯನ್ನು ಎಂಜಿನ್ ನಿಲ್ಲಿಸಿ ಅಳೆಯುತ್ತಾರೆ. ಗೇರ್ ಎಣ್ಣೆಯದು ಇದಕ್ಕೆ ತದ್ವಿರುದ್ಧ: ಸಮನಾದ ನೆಲ, ಲಿವರ್ ‘ಪಿ’ಯಲ್ಲಿ, ಎಂಜಿನ್ ಓಡುತ್ತಿರಬೇಕು, ಎಣ್ಣೆ ಬಿಸಿಯಾಗಿರಬೇಕು. ಬಿಸಿಗೆ ಎಣ್ಣೆ ಹಿಗ್ಗುವುದರಿಂದ ತಣ್ಣಗಿದ್ದಾಗಿನ ಗುರುತು ಬೇರೆ. ಆರು ಲೀಟರ್ ಎಣ್ಣೆ 50 ಡಿಗ್ರಿ ಬಿಸಿಯೇರಿದರೆ ಹೆಚ್ಚು ಕಡಿಮೆ ಕಾಲು ಲೀಟರ್ ಹಿಗ್ಗುತ್ತದೆ. ಕಡ್ಡಿಯ ಎರಡು ಗೆರೆಗಳ ನಡುವಿನ ಅಳತೆಯೇ ಸುಮಾರು ಅಷ್ಟಿರುವಾಗ, ತಣ್ಣಗಿನ ಗಾಡಿಗೆ ಬಿಸಿಯ ಗುರುತಿನವರೆಗೆ ತುಂಬಿದರೆ ಹೆಚ್ಚಾಯಿತೆಂದೇ ಅರ್ಥ. ಹೆಚ್ಚಾದ ಎಣ್ಣೆ ತಿರುಗುವ ಭಾಗಗಳಿಗೆ ತಗುಲಿ ನೊರೆಯಾಗುತ್ತದೆ, ನೊರೆಯೊಳಗಿನ ಗಾಳಿ ಒತ್ತಿದರೆ ಕುಗ್ಗುತ್ತದೆ, ಪ್ಯಾಸ್ಕಲ್ ಕೈಬಿಡುತ್ತಾನೆ.

ಕಡ್ಡಿಯ ಮೇಲಿನ ಎಣ್ಣೆ ಕೆಂಪಗೆ, ತಿಳಿಯಾಗಿದ್ದರೆ ಸಮಾಧಾನ. ಕಂದು ಬಣ್ಣ, ಸೀದ ವಾಸನೆ ಇದ್ದರೆ ಕ್ಲಚ್ಚಿನ ಮೇಲ್ಪದರ ಸುಟ್ಟಿದೆ. ರೋಸ್ ಮಿಲ್ಕಿನಂತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಗಾಬರಿಯಾಗಲೇಬೇಕು. ಗೇರ್ ಎಣ್ಣೆಯನ್ನು ತಂಪು ಮಾಡುವ ನಳಿಕೆ ರೇಡಿಯೇಟರಿನ ಒಳಗೇ ಹಾದುಹೋಗುತ್ತದೆ. ಅದು ತೂತಾಗಿ ನೀರು ಎಣ್ಣೆಗೆ ಸೇರಿದೆ. ಆ ಗಾಡಿಯನ್ನು ಒಂದು ಮೈಲಿಯೂ ಓಡಿಸಬಾರದು. (ಈ ಎಣ್ಣೆಗೂ ಒಂದು ಚರಿತ್ರೆಯಿದೆ. 1970ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ಇದಕ್ಕೆ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ತಿಮಿಂಗಿಲಗಳ ರಕ್ಷಣೆಗೆ ಕಾನೂನು ಬಂದ ಮೇಲೆ ರಸಾಯನಶಾಸ್ತ್ರಜ್ಞರು ಬದಲಿ ಹುಡುಕಬೇಕಾಯಿತು.)

ಎಣ್ಣೆ ಸರಿಯಿದ್ದರೆ ರಸ್ತೆಗೆ ಇಳಿಯಬೇಕು, ಪಕ್ಕದಲ್ಲಿ ಕುಳಿತವರ ಕೈಯಲ್ಲಿ ಒಂದು ನೋಟ್‌ಬುಕ್ ಇರಬೇಕು. ಮನೆಯ ಮಗಳೋ ಮಗನೋ ಮಾಡಬಹುದಾದ ಕೆಲಸ ಇದು. ಯಾವ ವೇಗದಲ್ಲಿ ಗೇರು ಬದಲಾಯಿತು, ಒದೆಯಿತೇ, ಜಾರಿತೇ? ಸರಿಯಾದ ವೇಗದಲ್ಲೇ ಬದಲಾಗುತ್ತಿದೆ ಆದರೆ ಒದೆಯುತ್ತಿದೆ ಎಂದರೆ ಗವರ್ನರ್, ತಂತಿ ಎರಡೂ ನಿರಪರಾಧಿಗಳು. ಸಂಶಯ ನಿರ್ವಾತದ ಮೇಲೆ. ಬದಲಾಗುವುದೇ ತಡವೆಂದರೆ ತಂತಿಯನ್ನು ನೋಡಬೇಕು. ಒಂದೆರಡು ಗೇರುಗಳಲ್ಲಿ ಮಾತ್ರ ಜಾರಿದರೆ, ಆ ಗೇರುಗಳಿಗೆ ಸಮಾನವಾದ ಕ್ಲಚ್ಚು ಯಾವುದೆಂದು ಪುಸ್ತಕದ ಕೋಷ್ಟಕದಲ್ಲಿ ಹುಡುಕಬೇಕು. ಗಣಿತದಲ್ಲಿ ಗಣಗಳ ಛೇದನ ಕಲಿಯುವಾಗ ‘ಇದು ಯಾತಕ್ಕೆ ಬರುತ್ತದೆ ಸರ್?’ ಎಂದು ಕೇಳುವ ಹುಡುಗರಿಗೆ ಇದೊಂದು ಉತ್ತರ. ಒದೆತದ ಜೊತೆ ಕೆಳಗಿನಿಂದ ‘ಟಕ್’ ಎಂಬ ಸದ್ದು ಬಂದರೆ ಗೇರ್ ಬಾಕ್ಸಿಗಿಂತ ಮೊದಲು ಉದ್ದದ ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಜೋಡಣೆಗಳನ್ನು, ಎಂಜಿನ್ ಕೂರುವ ರಬ್ಬರ್ ಗಟ್ಟಿಗಳನ್ನು ನೋಡುವುದು ವಿವೇಕ.

ಇಷ್ಟಾದ ಮೇಲೆ ನಿರ್ವಾತದ ಬೇಟೆ. ಮೊದಲು ಬ್ರೇಕ್ ಪೆಡಲ್ ಒತ್ತಿ ನೋಡಬೇಕು, ಇದರಲ್ಲಿ ಉದಾಸೀನ ಕೂಡದು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಪಂಪೋ ಅದರ ದೊಡ್ಡ ಕೊಳವೆಯೋ ಕೆಟ್ಟಿದೆ. ಅಂಥ ಗಾಡಿಯಲ್ಲಿ ಚೋರ್ಲಾ ಘಾಟ್ ಇಳಿಯುವುದು ಪ್ರಾಣಕ್ಕೆ ಸಂಚಕಾರ. ಪೆಡಲ್ ಹಗುರವಾಗಿಯೇ ಇದ್ದರೆ ಪಂಪು ಸರಿಯಿದೆ, ಸೋರಿಕೆ ಎಲ್ಲೋ ಸಣ್ಣ ಕವಲಿನಲ್ಲಿದೆ. ಕವಲುಗಳಿಗೆ ಹೋಗುವ ದಾರಿಯಲ್ಲಿ ಸೂಜಿಮೊನೆಯಷ್ಟು ಕಿರಿದಾದ ರಂಧ್ರವಿಟ್ಟು ಬ್ರೇಕನ್ನು ಕಾಪಾಡಿದ್ದಾರೆ. ಹೀಗೆ ಒಂದೇ ಪೆಡಲ್ಲು ಅರ್ಧ ಶೋಧನೆ ಮುಗಿಸಿಕೊಡುತ್ತದೆ.

ಮುಂದಿನದಕ್ಕೆ ಗೇಜು ಇರುವ ಕೈಪಂಪು ಬೇಕು. ಇದರ ಬೆಲೆ ಗೇರ್ ಬಾಕ್ಸ್ ಇಳಿಸುವ ಕೂಲಿಯ ಮುಂದೆ ಏನೂ ಅಲ್ಲ. ಮೊದಲು ಕಾರಿನ ಪಂಪು ಎಷ್ಟು ಎಳೆಯುತ್ತದೆಂದು ನೋಡುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಪುಸ್ತಕದ ಅಂಕಿಗಳು ಸಮುದ್ರಮಟ್ಟದವು. ಅಲ್ಲಿ ಗಾಳಿಯ ಒತ್ತಡ ಪಾದರಸದ 76 ಸೆಂ.ಮೀ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅದು 70ರ ಆಸುಪಾಸು. ಇಲ್ಲದ ಒತ್ತಡವನ್ನು ಯಾವ ಪಂಪೂ ತೆಗೆಯಲಾರದು. ಆದ್ದರಿಂದ ಗೇಜು ಪುಸ್ತಕಕ್ಕಿಂತ ಆರು ಸೆಂ.ಮೀ. ಕಡಿಮೆ ತೋರಿಸಿದರೆ ಪಂಪಿಗೆ ದೋಷ ಹೊರಿಸುವಂತಿಲ್ಲ. ಗೋವೆಯಲ್ಲಿ ಸರಿ ಎನ್ನಿಸಿಕೊಂಡ ಪಂಪು ಘಾಟು ಹತ್ತಿದ ಕೂಡಲೆ ಕೆಡುವುದಿಲ್ಲ.

ಬಳಿಕ ಬಣ್ಣದ ಗೆರೆಗಳ ಸಣ್ಣ ಪ್ಲಾಸ್ಟಿಕ್ ನಳಿಕೆಗಳನ್ನು ಒಂದೊಂದಾಗಿ ಬಿಡಿಸಿ, ಕೈಪಂಪಿನಿಂದ 40 ಸೆಂ.ಮೀ.ವರೆಗೆ ಎಳೆದು ಮುಳ್ಳನ್ನು ನೋಡುತ್ತ ಕೂರುವುದು. ಗೇರ್ ಬಾಕ್ಸಿನ ಡಬ್ಬಿಗೆ ಜೋಡಿಸಿದಾಗ ಮುಳ್ಳು ಅಲುಗಲಿಲ್ಲ, ಅದು ಸರಿ. ಎಂಜಿನ್ ನಿಲ್ಲಿಸುವ ಡಬ್ಬಿಯದೂ ನಿಂತಿತು. ಬಾಗಿಲುಗಳ ಕವಲಿಗೆ ಜೋಡಿಸಿದರೆ ಮುಳ್ಳು ಏರುವುದೇ ಇಲ್ಲ. ಸಿಕ್ಕಿತು! ಆ ಕವಲಿನ ಬಾಯಿಗೆ ಸೈಕಲ್ ವಾಲ್ ಟ್ಯೂಬಿನ ತುಂಡು, ಅದರ ತುದಿಗೆ ಒಂದು ಮೊಳೆ ಸಿಕ್ಕಿಸಿ ತಾತ್ಕಾಲಿಕವಾಗಿ ಮುಚ್ಚಿ ಗಾಡಿ ಓಡಿಸಿದರೆ ಒದೆತ ಮಾಯ. ಚಾವಿ ತಿರುವಿದರೆ ಎಂಜಿನ್ ಸುಮ್ಮನಾಗುತ್ತದೆ. ಉಳಿದದ್ದು ಯಾವ ಬಾಗಿಲೆಂದು ಹುಡುಕಿ ಒಳಹೊದಿಕೆ ತೆಗೆದು ಡಬ್ಬಿ ಬದಲಿಸುವ ಕೆಲಸ. ಹೊಸದು ಬರುವವರೆಗೆ ಬಾಗಿಲುಗಳನ್ನು ಒಂದೊಂದಾಗಿ ಕೈಯಿಂದ ಹಾಕಿಕೊಂಡರಾಯಿತು.

ಇಲ್ಲಿ ಹಲವರು ಹಿಡಿಯುವ ಒಂದು ಅಡ್ಡದಾರಿಯನ್ನು ಹೇಳಲೇಬೇಕು. ಗೇರ್ ಬಾಕ್ಸಿನ ನಿರ್ವಾತ ಡಬ್ಬಿಯ ಮುಚ್ಚಳದ ಕೆಳಗೆ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ಪುಟ್ಟ ಕೀಲಿ ಇರುತ್ತದೆ. ಅದನ್ನು ತಿರುವಿ ಒತ್ತಡ ಇಳಿಸಿದರೆ ಒದೆತ ಕೂಡಲೇ ಮೆತ್ತಗಾಗುತ್ತದೆ, ಯಜಮಾನರು ಸಂತೋಷದಿಂದ ದುಡ್ಡು ಕೊಟ್ಟು ಹೋಗುತ್ತಾರೆ. ಆದರೆ ಸೋರಿಕೆ ಹಾಗೆಯೇ ಇದೆ. ಮುಂದೆ ಯಾರಾದರೂ ಸೋರಿಕೆ ಮುಚ್ಚಿದ ದಿನ ನಿರ್ವಾತ ಪೂರ್ತಿ ಬರುತ್ತದೆ, ಒತ್ತಡ ತೀರ ಇಳಿಯುತ್ತದೆ, ಗೇರು ಬದಲಾಗುವಾಗ ಎಂಜಿನ್ ಒಮ್ಮೆ ಕೂಗಿ ಆಮೇಲೆ ಹಿಡಿಯತೊಡಗುತ್ತದೆ. ಆ ಕೂಗು ಕ್ಲಚ್ಚು ಜಾರುವ ಸದ್ದು. ಒದೆಯುವ ಗೇರ್ ಬಾಕ್ಸು ವರ್ಷಗಟ್ಟಲೆ ಬಾಳಬಹುದು, ಜಾರುವ ಗೇರ್ ಬಾಕ್ಸು ಬಾಳುವುದಿಲ್ಲ. ಜ್ವರಕ್ಕೆ ಕಾರಣ ಹುಡುಕದೆ ಥರ್ಮಾಮೀಟರಿನ ಗೆರೆ ತಿದ್ದಿದಂತಾಯಿತು ಈ ಚಿಕಿತ್ಸೆ.

ಪೆಟ್ರೋಲ್ ಕಾರುಗಳಲ್ಲಿ ಇದೇ ಡಬ್ಬಿ ಬೇರೊಂದು ಆಟ ಆಡುತ್ತದೆ. ಅದರ ಪೊರೆ ಹರಿದರೆ ಎಂಜಿನ್ನು ಗೇರ್ ಎಣ್ಣೆಯನ್ನೇ ಹೀರಿ ಸುಡುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ, ಎಣ್ಣೆ ಮಾತ್ರ ಕಡಿಮೆಯಾಗುತ್ತಲೇ ಇರುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ. ಎಂಜಿನ್ನಿನ ರಿಂಗು ಸವೆಯಿತೆಂದು ಎಂಜಿನ್ ಬಿಚ್ಚುವ ಮೊದಲು ನಿರ್ವಾತದ ನಳಿಕೆಯನ್ನು ಕಿತ್ತು ಒಳಗೆ ಕೆಂಪು ಎಣ್ಣೆಯ ಪಸೆ ಇದೆಯೇ ಎಂದು ನೋಡಲು ಎರಡು ನಿಮಿಷ ಸಾಕು.

ಇನ್ನೂ ಸಂಶಯ ಉಳಿದರೆ ‘ಸ್ಟಾಲ್’ ಪರೀಕ್ಷೆ ಎಂಬುದೊಂದಿದೆ. ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಗೇರಿನಲ್ಲಿಟ್ಟು ಎಕ್ಸಲರೇಟರ್ ತುಳಿದು, ಎಂಜಿನ್ ಎಷ್ಟು ಸುತ್ತಿಗೆ ನಿಲ್ಲುತ್ತದೆಂದು ಓದುವುದು. ಪುಸ್ತಕದ ಅಂಕಿಗಿಂತ ಹೆಚ್ಚಾದರೆ ಒಳಗೆ ಕ್ಲಚ್ಚೋ ಪಟ್ಟಿಯೋ ಜಾರುತ್ತಿದೆ; ಕಡಿಮೆಯಾದರೆ ಎಂಜಿನ್ ಬಡಕಲಾಗಿದೆ, ಇಲ್ಲವೆ ಕನ್ವರ್ಟರಿನ ಮೂರನೆಯ ಚಕ್ರ ಕೆಟ್ಟಿದೆ. ಇದು ತಿಳಿದ ಮಿಸ್ತ್ರಿ ಮಾತ್ರ ಮಾಡಬೇಕಾದ ಪರೀಕ್ಷೆ. ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬಾರದು, ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಏಕೆಂದರೆ ಕಾರು ಚಲಿಸುತ್ತಿಲ್ಲ, ಎಂಜಿನ್ನಿನ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುವುದಕ್ಕೇ ಹೋಗುತ್ತದೆ. 30 ಕಿಲೋವಾಟ್ ಎಂದರೆ ಸೆಕೆಂಡಿಗೆ 30 ಕಿಲೋಜೌಲ್. ಕನ್ವರ್ಟರಿನಲ್ಲಿ ಎರಡೂವರೆ ಕಿಲೋ ಎಣ್ಣೆಯಿದ್ದು, ಒಂದು ಕಿಲೋ ಎಣ್ಣೆಯನ್ನು ಒಂದು ಡಿಗ್ರಿ ಬಿಸಿ ಮಾಡಲು 2 ಕಿಲೋಜೌಲ್ ಬೇಕೆಂದುಕೊಂಡರೆ ಪ್ರತಿ ಸೆಕೆಂಡಿಗೆ 6 ಡಿಗ್ರಿ ಏರುತ್ತದೆ. ಐದು ಸೆಕೆಂಡಿಗೆ 30 ಡಿಗ್ರಿ! ಉದ್ದನೆಯ ಘಾಟನ್ನು ತುಂಬಿದ ಗಾಡಿಯಲ್ಲಿ ಹತ್ತುವಾಗಲೂ ಸಣ್ಣ ಪ್ರಮಾಣದಲ್ಲಿ ನಡೆಯುವುದು ಇದೇ.

ಕೊನೆಯದು ಒತ್ತಡದ ಗೇಜನ್ನು ಗೇರ್ ಬಾಕ್ಸಿಗೇ ಜೋಡಿಸಿ ಓದುವುದು. ಇದರಲ್ಲೂ ತಪ್ಪು ಕಂಡುಬಂದರೆ ಆಗ ಪಾನೆ ಕೈಗೆತ್ತಿಕೊಳ್ಳಲಿ, ಯಾರ ತಕರಾರೂ ಇಲ್ಲ.

ಗಾಡಿ ಹಳ್ಳಿಯಲ್ಲಿ ಕೆಟ್ಟು ನಿಂತಾಗ ಆಗುವ ಅನಾಹುತ ಇನ್ನೊಂದು ಬಗೆಯದು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಬೀಡಿಯಿಂದ ಬೆಳಗಾವಿಯವರೆಗೆ ಎಳೆದೊಯ್ಯುವುದು ನಮ್ಮ ಕಡೆ ಸರ್ವೇಸಾಮಾನ್ಯ. ಅಂಬಾಸಿಡರಿಗೆ ಅದು ನಡೆಯುತ್ತದೆ. ಇಲ್ಲಿ ಎಣ್ಣೆಯ ಪಂಪು ತಿರುಗುವುದು ಎಂಜಿನ್ನಿನಿಂದ ಎಂಬುದನ್ನು ಮರೆಯಬಾರದು. ಎಂಜಿನ್ ನಿಂತಿದೆ, ಪಂಪು ನಿಂತಿದೆ, ಹಿಂದಿನ ಗಾಲಿಗಳು ಮಾತ್ರ ಒಳಗಿನ ಚಕ್ರಗಳನ್ನು ಎಣ್ಣೆಯಿಲ್ಲದೆ ತಿರುಗಿಸುತ್ತಿವೆ. ಬಾಗಿಲಿನ ರಬ್ಬರಿನಿಂದ ಶುರುವಾದ ತೊಂದರೆ ಖಾನಾಪುರ ದಾಟುವಷ್ಟರಲ್ಲಿ ನಿಜವಾದ ಗೇರ್ ಬಾಕ್ಸ್ ತೊಂದರೆಯಾಗಿ ಬಡ್ತಿ ಪಡೆಯಬಹುದು. ಕಾರಿನ ಪುಸ್ತಕ ಅನುಮತಿಸಿದಷ್ಟು ದೂರ, ಅಷ್ಟೇ ವೇಗ. ಅದಕ್ಕಿಂತ ಹೆಚ್ಚಾದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಇಲ್ಲವೆ ಹಿಂದಿನ ಗಾಲಿಗಳನ್ನು ಎತ್ತಿ ಒಯ್ಯಬೇಕು. ತಳ್ಳಿ ಸ್ಟಾರ್ಟ್ ಮಾಡುವ ಸಾಹಸವೂ ಇದೇ ಕಾರಣಕ್ಕೆ ವ್ಯರ್ಥ: ಪಂಪಿಲ್ಲದೆ ಒತ್ತಡವಿಲ್ಲ, ಒತ್ತಡವಿಲ್ಲದೆ ಹಿಡಿತವಿಲ್ಲ, ಗಾಲಿಯ ತಿರುಗಾಟ ಎಂಜಿನ್ನಿಗೆ ಮುಟ್ಟುವುದೇ ಇಲ್ಲ.

ಇಂದಿನ ಆಟೊಮ್ಯಾಟಿಕ್ ಕಾರುಗಳಲ್ಲಿ ವರದಿಗಾರರು ಬದಲಾಗಿದ್ದಾರೆ. ವೇಗ, ಭಾರಗಳನ್ನು ವಿದ್ಯುತ್ ಸಂವೇದಕಗಳು ಅಳೆಯುತ್ತವೆ, ತೀರ್ಮಾನ ಕಂಪ್ಯೂಟರಿನದು, ಗ್ಯಾರೇಜಿನವರು ಸ್ಕ್ಯಾನರ್ ಚುಚ್ಚಿ ದೋಷದ ಅಂಕಿ ಓದುತ್ತಾರೆ. ಅಲ್ಲಿಯೂ ಸುಳ್ಳು ವರದಿ ಬಂದರೆ ಗೇರ್ ಬಾಕ್ಸು ತಪ್ಪು ಕೆಲಸವನ್ನೇ ಮಾಡುತ್ತದೆ. ಮೋಟಾರ್ ಮೆಕ್ಯಾನಿಕ್ ವಿಭಾಗಕ್ಕೆ ಐಟಿಐ ಸೇರುವ ಹುಡುಗ ಹುಡುಗಿಯರಿಗೆ ಹಳೆಯ ಗಾಡಿ ಒಳ್ಳೆಯ ಗುರು, ಏಕೆಂದರೆ ಅದರಲ್ಲಿ ಪ್ರತಿ ವರದಿಗಾರನನ್ನೂ ಬೆರಳಿನಿಂದ ಮುಟ್ಟಿ ನೋಡಬಹುದು. ಇಂಥ ಕಾರುಗಳಿಗೆ ಗೌರವವೂ ಬರುತ್ತಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಿ, ‘ವಿಎ’ ಅಕ್ಷರಗಳ ಫಲಕ ಕೊಡುವ ನಿಯಮವನ್ನು ಕೇಂದ್ರ ಸರಕಾರ 2021ರಲ್ಲಿ ತಂದಿತು. 1976ರ ಮೊದಲ ಡಬ್ಲ್ಯು 123ಗಳಿಗೆ 50 ತುಂಬುವುದು 2026ರಲ್ಲಿ.

ಕಾರಿಲ್ಲದ ಮನೆಯಲ್ಲೂ ಇದನ್ನೆಲ್ಲ ಪರೀಕ್ಷಿಸಬಹುದು. ಔಷಧದ ಅಂಗಡಿಯಿಂದ ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು ತನ್ನಿ, ಒಂದು 5 ಮಿ.ಲೀ., ಇನ್ನೊಂದು 20 ಮಿ.ಲೀ. ನಡುವೆ ಒಂದು ತೆಳು ಟ್ಯೂಬು ಜೋಡಿಸಿ, ಗುಳ್ಳೆಯಿಲ್ಲದಂತೆ ನೀರು ತುಂಬಿ. ಚಿಕ್ಕದನ್ನು ನೀವು ಒತ್ತಿ, ದೊಡ್ಡದನ್ನು ತಮ್ಮನೋ ತಂಗಿಯೋ ಒತ್ತಿ ತಡೆಯಲಿ. ದೊಡ್ಡದರ ವಿಸ್ತೀರ್ಣ ಸುಮಾರು ಎರಡೂವರೆ ಪಟ್ಟು ಇರುವುದರಿಂದ ನಿಮ್ಮ ಬೆರಳೇ ಗೆಲ್ಲುತ್ತದೆ. ಈಗ ಒಳಗೆ ಒಂದು ದೊಡ್ಡ ಗಾಳಿಗುಳ್ಳೆ ಬಿಟ್ಟು ಮತ್ತೆ ಒತ್ತಿ, ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಆಮೇಲೆ ನೀರು ಚೆಲ್ಲಿ, ದೊಡ್ಡ ಸಿರಿಂಜಿಗೆ ಟ್ಯೂಬಿನ ತುಂಡು ಸಿಕ್ಕಿಸಿ, ಅದರ ತುದಿಯನ್ನು ಮಡಚಿ ಬಿಗಿಯಾಗಿ ಹಿಡಿದು ಒಳಗಿನ ದಂಡವನ್ನು ಎಳೆದು ಬಿಡಿ. ಅದು ಹಿಂದಕ್ಕೆ ಹಾರುತ್ತದೆ. ಟ್ಯೂಬಿಗೆ ಗುಂಡುಸೂಜಿಯಿಂದ ಒಂದು ತೂತು ಮಾಡಿ, ಎಳೆದು ಐದು ಎಣಿಸಿ ಬಿಡಿ. ಎಷ್ಟು ಹಿಂದೆ ಹೋಯಿತು, ಎಷ್ಟು ಹೊತ್ತಿಗೆ ನಿಂತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತೂತಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಮಾಡಿ.